ಆಸ್ಪತ್ರೆಯಲ್ಲಿ ಹುಟ್ಟಿದ ನ್ಯುಮೋನಿಯ ಗುರುತಿಸುವ ಅಳತೆಗೋಲುಗಳು: ಸಿಡಿಸಿ ಪಟ್ಟಿ, ವಿಎಇ ಕ್ಯಾಲ್ಕುಲೇಟರ್, ಸಿಪಿಐಎಸ್ ಅಂಕ ಬಳಸುವವರಿಗೊಂದು ವಿಮರ್ಶೆ

ರಕ್ತದ ಸೋಂಕು ಎಣಿಸುವವರ ಕೈಯಲ್ಲಿ ಕೊನೆಗೆ ಒಂದು ಕಲ್ಚರ್ (ಬ್ಯಾಕ್ಟೀರಿಯ ಬೆಳೆಸಿ ನೋಡುವ ಪರೀಕ್ಷೆ) ವರದಿ ಇರುತ್ತದೆ. ಮೂತ್ರದ ಸೋಂಕಿಗೂ ಅಷ್ಟೆ. ನ್ಯುಮೋನಿಯಕ್ಕೆ ಮಾತ್ರ ಆ ಭಾಗ್ಯ ಇಲ್ಲ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ನಾಲ್ಕು ದಿನವಾದ ರೋಗಿಯ ಕಫದಲ್ಲಿ ಏನಾದರೊಂದು ಬ್ಯಾಕ್ಟೀರಿಯ ಬೆಳೆದೇ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಪ್ಯಾಚ್ ನೀರು ತುಂಬಿದ್ದೂ ಆಗಬಹುದು, ಶ್ವಾಸಕೋಶದ ಒಂದು ತುಂಡು ಮುದುಡಿಕೊಂಡದ್ದೂ ಆಗಬಹುದು. ಜ್ವರಕ್ಕಂತೂ ನೂರು ಕಾರಣ. ಹೀಗಾಗಿ ಇಲ್ಲಿ ರೋಗವನ್ನು ‘ಕಂಡುಹಿಡಿಯುವ’ ಪರೀಕ್ಷೆ ಇಲ್ಲ, ಹಲವು ಸುಳಿವುಗಳನ್ನು ಕೂಡಿಸಿ ‘ಹೌದು’ ಅಥವಾ ‘ಅಲ್ಲ’ ಅನ್ನಿಸುವ ಪಟ್ಟಿಗಳಿವೆ.

ಈ ವಿಮರ್ಶೆ ಅಂಥ ನಾಲ್ಕು ಪಟ್ಟಿಗಳದ್ದು: ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಎನ್‌ಎಚ್‌ಎಸ್‌ಎನ್ ಎಂಬ ಸೋಂಕು ಎಣಿಕೆ ಜಾಲ ಕೊಡುವ ನ್ಯುಮೋನಿಯ ಮಾನದಂಡ, ಅದೇ ಸಂಸ್ಥೆಯ ವಿಎಇ (ವೆಂಟಿಲೇಟರಿನಲ್ಲಿದ್ದಾಗ ಆಗುವ ಘಟನೆ) ಮಾನದಂಡ ಮತ್ತು ಅದರ ಜೊತೆ ಬರುವ ಕ್ಯಾಲ್ಕುಲೇಟರ್, ಶ್ವಾಸಕೋಶದ ಸೋಂಕಿಗೆ ಅಂಕ ಹಾಕುವ ಹಳೆಯ ಸಿಪಿಐಎಸ್ ಪಟ್ಟಿ, ಯುರೋಪಿನ ರೋಗ ನಿಯಂತ್ರಣ ಸಂಸ್ಥೆ ಇಸಿಡಿಸಿಯ ಪಿಎನ್1ರಿಂದ ಪಿಎನ್5ರವರೆಗಿನ ವಿಂಗಡಣೆ. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಖರ್ಚಾಗುವುದು ಸಮಯ, ಮತ್ತು ತಪ್ಪಾಗಿ ಬಳಸಿದರೆ ಮರ್ಯಾದೆ.

ಮೊದಲೇ ಹೇಳಿಬಿಡುವುದಾದರೆ, ಇವುಗಳಲ್ಲಿ ಕೆಟ್ಟದ್ದು ಅಂತ ತೆಗೆದು ಬಿಸಾಡುವಂಥದ್ದು ಒಂದೇ ಒಂದು. ಉಳಿದ ಮೂರರ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಎಣಿಕೆಗೆಂದು ಮಾಡಿದ್ದನ್ನು ಚಿಕಿತ್ಸೆಗೆ ಬಳಸಿದ್ದರಿಂದ ಬಂದವು. ಹಾಸಿಗೆ ಪಕ್ಕ ನಿಂತ ವೈದ್ಯರಿಗೆ ಬೇಕಾದ ಪ್ರಶ್ನೆ ‘ಈಗ ಆ್ಯಂಟಿಬಯಾಟಿಕ್ ಶುರು ಮಾಡಲೇ?’ ಎಂಬುದು. ಸೋಂಕು ನಿಯಂತ್ರಣ ನರ್ಸಿಗೆ ಬೇಕಾದ ಪ್ರಶ್ನೆ ‘ಈ ತಿಂಗಳು ಎಷ್ಟು, ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ?’ ಎಂಬುದು. ಎರಡಕ್ಕೂ ಒಂದೇ ಉತ್ತರ ಬರಬೇಕೆಂದು ಹಟ ಹಿಡಿದರೆ ಐಸಿಯು ಮೀಟಿಂಗಿನಲ್ಲಿ ಜಗಳ ಗ್ಯಾರಂಟಿ.

ಪಟ್ಟಿಗೆ ಹೋಗುವ ಮುಂಚೆ ಹೆಸರುಗಳು. ದಾಖಲಾಗಿ 48 ಗಂಟೆ ಆದ ಮೇಲೆ ಶುರುವಾದದ್ದು, ಬರುವಾಗಲೇ ಒಳಗೆ ಮೊಳೆಯುತ್ತಿರಲಿಲ್ಲ ಎನ್ನುವಂಥದ್ದು ಎಚ್‌ಎಪಿ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಬಂದದ್ದು ವಿಎಪಿ. 2016ರಲ್ಲಿ ಅಮೆರಿಕದ ಸೋಂಕುರೋಗ ಮತ್ತು ಎದೆರೋಗ ತಜ್ಞರ ಸಂಘಗಳು ತಂದ ಐಡಿಎಸ್‌ಎ–ಎಟಿಎಸ್ ಮಾರ್ಗಸೂಚಿಯಲ್ಲಿ ಇವೆರಡೂ ಬೇರೆ ಬೇರೆ ಗುಂಪು. ವಿಎಪಿಯನ್ನು ಎಚ್‌ಎಪಿಯ ಒಳಗಿನ ಉಪಜಾತಿ ಅಂತ ಬರೆಯುವ ಹಳೆಯ ರೂಢಿ ಬಿಡಬೇಕು. 2005ರ ಮಾರ್ಗಸೂಚಿಯಲ್ಲಿದ್ದ ಎಚ್‌ಸಿಎಪಿ (ಆರೋಗ್ಯ ಸೇವೆಯ ಸಂಪರ್ಕದಿಂದ ಬಂದ ನ್ಯುಮೋನಿಯ) ಎಂಬ ಮೂರನೆಯ ಹೆಸರನ್ನೂ 2016ರಲ್ಲಿ ಕೈಬಿಟ್ಟರು. ಡಯಾಲಿಸಿಸ್‌ಗೆ ಬಂದುಹೋಗುವವರು, ವೃದ್ಧಾಶ್ರಮದಿಂದ ಬಂದವರು ಎಲ್ಲರಲ್ಲೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ಇರುತ್ತದೆ ಎಂಬ ಊಹೆ ನಿಲ್ಲಲಿಲ್ಲ. ಆದರೂ ಎಚ್‌ಸಿಎಪಿ ಕಾಲಂ ಇಟ್ಟುಕೊಂಡಿರುವ ಫಾರಂಗಳು ಇನ್ನೂ ಓಡಾಡುತ್ತಿವೆ. ನಿಮ್ಮ ಫಾರಂನಲ್ಲಿ ಅದಿದ್ದರೆ ಹೊಡೆದುಹಾಕಿ.

ಎಚ್‌ಎಪಿ ಬಂದು, ಆ ಕಾರಣಕ್ಕೇ ವೆಂಟಿಲೇಟರ್ ಹಾಕಬೇಕಾಗಿ ಬಂದರೆ ಅದು ವಿಎಪಿ ಆಗುವುದಿಲ್ಲ. ಕಾಯಿಲೆ ಮೊದಲು, ಯಂತ್ರ ಆಮೇಲೆ. ಇದನ್ನು ವಿಎಪಿ ಲೆಕ್ಕಕ್ಕೆ ಸೇರಿಸಿ ಐಸಿಯುವಿನ ತಲೆಗೆ ಕಟ್ಟುವುದು ಬಹಳ ಸಾಮಾನ್ಯವಾದ ತಪ್ಪು.

ಈಗ ಎನ್‌ಎಚ್‌ಎಸ್‌ಎನ್‌ನ ಮೂಲ ನ್ಯುಮೋನಿಯ ಪಟ್ಟಿ. ಇದರಲ್ಲಿ ಮೂರು ಗೂಡುಗಳು. ರೋಗಲಕ್ಷಣ ಮತ್ತು ಎಕ್ಸ್‌ರೇ ಮೇಲೆ ಮಾತ್ರ ನಿಂತದ್ದು ಪಿಎನ್‌ಯು1. ಅದಕ್ಕೆ ಪ್ರಯೋಗಾಲಯದ ಗಟ್ಟಿ ಸಾಕ್ಷಿ ಸೇರಿದರೆ ಪಿಎನ್‌ಯು2. ರೋಗನಿರೋಧಕ ಶಕ್ತಿ ಕುಂದಿದವರಿಗೆ ಪಿಎನ್‌ಯು3. ಒಬ್ಬರೇ ರೋಗಿ ಒಂದಕ್ಕಿಂತ ಹೆಚ್ಚು ಗೂಡಿಗೆ ಹೊಂದಿದರೆ ಮೇಲಿನ ಸಂಖ್ಯೆಯದ್ದನ್ನೇ ವರದಿ ಮಾಡಬೇಕು.

ಪಿಎನ್‌ಯು1ರ ಬಾಗಿಲು ಎಕ್ಸ್‌ರೇ. ಹೊಸದಾಗಿ ಬಂದ ಅಥವಾ ಹೆಚ್ಚುತ್ತಿರುವ, ಮತ್ತು ಹಾಗೇ ಉಳಿಯುವ ಪ್ಯಾಚ್, ಗಟ್ಟಿಯಾದ ಭಾಗ ಅಥವಾ ಪೊಟರೆ ಕಾಣಬೇಕು. ಹೃದಯ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಲ್ಲಿ ಎರಡು ಅಥವಾ ಹೆಚ್ಚು ಚಿತ್ರ ಬೇಕು. ಅಂಥ ಕಾಯಿಲೆ ಇಲ್ಲದವರಲ್ಲಿ ಸ್ಪಷ್ಟವಾದ ಒಂದೇ ಚಿತ್ರ ಸಾಕು. ‘ಹಾಗೇ ಉಳಿಯುವ’ ಎಂಬ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಬೆಳಗ್ಗೆ ಬಲಗಡೆ ಕೆಳಭಾಗ ಪೂರ್ತಿ ಬಿಳಿ, ಕಫದ ಗಡ್ಡೆ ಸಕ್ಷನ್ ಮಾಡಿ ತೆಗೆದ ಮೇಲೆ ಸಂಜೆಯ ಚಿತ್ರದಲ್ಲಿ ಪೂರ್ತಿ ಸ್ವಚ್ಛ ಅಂದರೆ ಅದು ಮುದುಡಿದ ಶ್ವಾಸಕೋಶ ಬಿಚ್ಚಿಕೊಂಡದ್ದು. ನೀರಿಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಮರುದಿನ ಕರಗಿದರೆ ಅದು ನೀರು. ನ್ಯುಮೋನಿಯ ಅಷ್ಟು ಬೇಗ ಖಾಲಿ ಮಾಡುವುದಿಲ್ಲ.

ಆಮೇಲೆ ಈ ಮೂರರಲ್ಲಿ ಒಂದಾದರೂ: 38.0 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ. ಬಿಳಿ ರಕ್ತಕಣ 4,000 ಅಥವಾ ಕಡಿಮೆ, ಇಲ್ಲವೇ 12,000 ಅಥವಾ ಹೆಚ್ಚು. 70 ವರ್ಷ ಅಥವಾ ಹೆಚ್ಚಾದವರಲ್ಲಿ ಬೇರೆ ಕಾರಣವಿಲ್ಲದೆ ಬಂದ ಗೊಂದಲ, ಮಂಪರು. ಜೊತೆಗೆ ಈ ನಾಲ್ಕರಲ್ಲಿ ಎರಡು: ಕೀವಿನಂಥ ಹೊಸ ಕಫ, ಅಥವಾ ಕಫದ ರೂಪ ಬದಲಾದದ್ದು, ಪ್ರಮಾಣ ಹೆಚ್ಚಿದ್ದು, ಪದೇ ಪದೇ ಸಕ್ಷನ್ ಬೇಕಾದದ್ದು, ಕೆಮ್ಮು, ಏದುಸಿರು ಅಥವಾ ವೇಗದ ಉಸಿರಾಟ, ಅಂದರೆ ವಯಸ್ಕರಲ್ಲಿ ನಿಮಿಷಕ್ಕೆ 25ಕ್ಕಿಂತ ಹೆಚ್ಚು, ಸ್ಟೆತಸ್ಕೋಪಿನಲ್ಲಿ ಬಿರುಬಿರು ಸದ್ದು ಅಥವಾ ಬ್ರಾಂಕಿಯಲ್ ಸದ್ದು, ಆಮ್ಲಜನಕ ವಿನಿಮಯ ಕೆಟ್ಟದ್ದು. ಕೊನೆಯದಕ್ಕೆ ಅಂಕಿ ಇದೆ: ರಕ್ತದ ಆಮ್ಲಜನಕ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಭಾಗದಿಂದ ಭಾಗಿಸಿದಾಗ 240 ಅಥವಾ ಕಡಿಮೆ. ಒತ್ತಡ 72, ಕೊಡುತ್ತಿರುವುದು 40 ಶೇಕಡ ಅಂದರೆ 72 ಭಾಗಿಸು 0.40, ಬರುವುದು 180. ಹೊಂದುತ್ತದೆ. ಆಮ್ಲಜನಕದ ಅಗತ್ಯ ಅಥವಾ ವೆಂಟಿಲೇಟರ್ ಒತ್ತಾಸೆ ಹೆಚ್ಚಿದ್ದನ್ನೂ ಇದಕ್ಕೇ ಲೆಕ್ಕ ಹಿಡಿಯಬಹುದು.

ವೈದ್ಯರು ಕೇಸ್‌ಶೀಟಿನಲ್ಲಿ ‘ವಿಎಪಿ’ ಅಂತ ದೊಡ್ಡದಾಗಿ ಬರೆದದ್ದು ಮಾತ್ರವೇ ಸಾಕ್ಷಿಯಾದರೆ ಈ ಪಟ್ಟಿ ಒಪ್ಪುವುದಿಲ್ಲ. ಇದು ಹಲವರನ್ನು ಕೆರಳಿಸುತ್ತದೆ. ಆದರೆ ಪಟ್ಟಿಯ ಬಲವೇ ಅಲ್ಲಿದೆ: ಒಬ್ಬ ವೈದ್ಯರು ಧಾರಾಳಿ, ಇನ್ನೊಬ್ಬರು ಜಿಪುಣ ಎಂಬ ಕಾರಣಕ್ಕೆ ಒಂದು ಐಸಿಯುವಿನ ಅಂಕಿ ಏರಿಳಿಯಬಾರದು. ವೈದ್ಯರ ಟಿಪ್ಪಣಿ ಕೆಲಸಕ್ಕೆ ಬರುವ ಜಾಗ ಒಂದಿದೆ. ರೇಡಿಯಾಲಜಿ ವರದಿ ‘ಮುದುಡಿರಬಹುದು ಅಥವಾ ನ್ಯುಮೋನಿಯ ಇರಬಹುದು’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಾಗ, ವೈದ್ಯರು ನ್ಯುಮೋನಿಯಕ್ಕೇ ಔಷಧ ಕೊಟ್ಟ ದಾಖಲೆ ಇದ್ದರೆ ಆ ಚಿತ್ರ ಲೆಕ್ಕಕ್ಕೆ ಬರುತ್ತದೆ.

ಈ ಪಟ್ಟಿಯಲ್ಲಿ ಹೊಸಬರು ಎಡವುವುದು ರೋಗಲಕ್ಷಣದಲ್ಲಲ್ಲ, ತಾರೀಖಿನಲ್ಲಿ. ಇಲ್ಲಿ ಗಂಟೆ ಇಲ್ಲ, ಕ್ಯಾಲೆಂಡರ್ ದಿನ ಮಾತ್ರ. ದಾಖಲಾದ ದಿನವೇ 1ನೇ ದಿನ. 3ನೇ ದಿನ ಅಥವಾ ಆಮೇಲೆ ಘಟನೆಯ ತಾರೀಖು ಬಿದ್ದರೆ ಆಸ್ಪತ್ರೆಯದ್ದು. ಸೋಮವಾರ ರಾತ್ರಿ 11ಕ್ಕೆ ದಾಖಲಾದವರಿಗೆ ಬುಧವಾರ 3ನೇ ದಿನ. ಅಂದರೆ 25 ಗಂಟೆ ಕಳೆಯುತ್ತಿದ್ದಂತೆಯೇ ಎಣಿಕೆಯ ಬಾಗಿಲು ತೆರೆದುಕೊಳ್ಳುತ್ತದೆ. ‘48 ಗಂಟೆ ಆಗಿಲ್ಲ, ಇದು ನಮ್ಮದಲ್ಲ’ ಎಂಬ ವಾದ ಚಿಕಿತ್ಸೆಯ ದೃಷ್ಟಿಯಿಂದ ಸರಿ, ಈ ಪಟ್ಟಿಯ ಮುಂದೆ ನಡೆಯುವುದಿಲ್ಲ.

ಘಟನೆಯ ತಾರೀಖು ಹುಡುಕುವ ಕ್ರಮ ಹೀಗೆ. ಎಕ್ಸ್‌ರೇ ತಾರೀಖನ್ನು ನಡುವೆ ಇಟ್ಟು ಹಿಂದೆ 3 ದಿನ, ಮುಂದೆ 3 ದಿನ ತೆಗೆದುಕೊಳ್ಳಿ. ಒಟ್ಟು 7 ದಿನದ ಕಿಟಕಿ. ಬೇಕಾದ ಎಲ್ಲ ಅಂಶಗಳೂ ಆ ಕಿಟಕಿಯೊಳಗೆ ಬರಬೇಕು. ಅವುಗಳಲ್ಲಿ ಮೊದಲು ಕಂಡದ್ದರ ತಾರೀಖೇ ಘಟನೆಯ ತಾರೀಖು, ಎಕ್ಸ್‌ರೇ ತಾರೀಖಲ್ಲ. ಎಕ್ಸ್‌ರೇ 10ನೇ ತಾರೀಖು ಅಂದುಕೊಳ್ಳಿ. ಕಿಟಕಿ 7ರಿಂದ 13. ಜ್ವರ 8ರಂದು, ಸಕ್ಷನ್ ಹೆಚ್ಚಿದ್ದು 9ರಂದು, ಉಸಿರಾಟದ ವೇಗ 28ಕ್ಕೆ ಏರಿದ್ದು 11ರಂದು. ಘಟನೆಯ ತಾರೀಖು 8. ಈ ರೋಗಿ 7ರಂದು ದಾಖಲಾಗಿದ್ದರೆ 8 ಅಂದರೆ 2ನೇ ದಿನ. ಎಕ್ಸ್‌ರೇ 4ನೇ ದಿನ ತೆಗೆದಿದ್ದರೂ ಇದು ಬರುವಾಗಲೇ ಇದ್ದ ಸೋಂಕು. ಎಕ್ಸ್‌ರೇ ತಾರೀಖು ಹಿಡಿದು ಎಣಿಸಿದವರು ಇದನ್ನು ಆಸ್ಪತ್ರೆಯ ಖಾತೆಗೆ ಬರೆದುಬಿಡುತ್ತಾರೆ. ಆ ಜ್ವರ ಮೂತ್ರದ ಸೋಂಕಿನಿಂದ ಬಂದದ್ದಿರಬಹುದಲ್ಲ ಅಂತ ಕೇಳಬಹುದು. ಪಟ್ಟಿ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಕಿಟಕಿಯೊಳಗಿನ ಜ್ವರ ಜ್ವರವೇ.

ಒಮ್ಮೆ ಎಣಿಸಿದ ಮೇಲೆ ಘಟನೆಯ ದಿನವನ್ನೂ ಸೇರಿಸಿ 14 ದಿನ ಅದೇ ರೋಗಿಗೆ ಹೊಸ ನ್ಯುಮೋನಿಯ ಎಣಿಸುವಂತಿಲ್ಲ. ಹೊಸ ಬ್ಯಾಕ್ಟೀರಿಯ ಬಂದರೆ ಹಳೆಯ ದಾಖಲೆಗೇ ಸೇರಿಸಿ. ವಾರ್ಡ್ ಬದಲಾದ ದಿನ ಅಥವಾ ಅದರ ಮರುದಿನ ಘಟನೆ ಬಿದ್ದರೆ ಹಿಂದಿನ ವಾರ್ಡಿನ ಲೆಕ್ಕಕ್ಕೆ. ವಿಎಪಿ ಅನ್ನಲು ಘಟನೆಯ ದಿನಕ್ಕೆ ವೆಂಟಿಲೇಟರ್ ಸತತ 2 ಕ್ಯಾಲೆಂಡರ್ ದಿನಕ್ಕಿಂತ ಹೆಚ್ಚು ಇದ್ದಿರಬೇಕು, ಹಾಕಿದ ದಿನವೇ 1ನೇ ದಿನ, ಮತ್ತು ಆ ದಿನ ಅಥವಾ ಹಿಂದಿನ ದಿನ ಯಂತ್ರ ಇದ್ದಿರಬೇಕು. ಒಂದು ಇಡೀ ಕ್ಯಾಲೆಂಡರ್ ದಿನ ಯಂತ್ರವಿಲ್ಲದೆ ಕಳೆದರೆ ಎಣಿಕೆ ಮತ್ತೆ ಒಂದರಿಂದ.

ಪ್ರಯೋಗಾಲಯದ ಭಾಗದಲ್ಲಿ ಪಿಎನ್‌ಯು2 ಸಾಕಷ್ಟು ಕಟ್ಟುನಿಟ್ಟು. ಎಕ್ಸ್‌ರೇಯ ಷರತ್ತು ಇಲ್ಲಿಯೂ ಇದೆ; ಪ್ರಯೋಗಾಲಯದ ಸಾಕ್ಷಿ ಇರುವುದರಿಂದ ಕಫ, ಕೆಮ್ಮು, ಸದ್ದು, ಆಮ್ಲಜನಕ ಈ ನಾಲ್ಕರಲ್ಲಿ ಎರಡರ ಬದಲು ಒಂದು ಸಾಕು. ಸಾಕ್ಷಿ ಅಂದರೆ ರಕ್ತದಲ್ಲಿ ಅಥವಾ ಎದೆಗೂಡಿನ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯ, ಅಂಗಾಂಶದ ಪರೀಕ್ಷೆ, ಇಲ್ಲವೇ ಶ್ವಾಸಕೋಶದ ಆಳದ ಮಾದರಿಯಲ್ಲಿ ಎಣಿಸಿದ ಬೆಳವಣಿಗೆ. ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಮಿಲಿಲೀಟರಿಗೆ 10,000, ರಕ್ಷಿತ ಬ್ರಷ್‌ನಲ್ಲಿ 1,000, ಟ್ಯೂಬಿನಿಂದ ಎಳೆದ ಕಫದಲ್ಲಿ 1,00,000. ತೊಳೆದ ದ್ರವದ 5 ಶೇಕಡ ಜೀವಕೋಶಗಳ ಒಳಗೆ ಬ್ಯಾಕ್ಟೀರಿಯ ಕಂಡರೂ ಆಗುತ್ತದೆ. ಕ್ಯಾಂಡಿಡ, ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್, ಎಂಟೆರೊಕಾಕಸ್ ಮೂರನ್ನೂ ಶ್ವಾಸಕೋಶದ ಅಂಗಾಂಶ ಅಥವಾ ಎದೆಗೂಡಿನ ನೀರಿನಿಂದ ಬಂದರೆ ಮಾತ್ರ ನಂಬಬೇಕು. ಟ್ಯೂಬಿನ ಕಫದಲ್ಲಿ ಕ್ಯಾಂಡಿಡ ಬಂತೆಂದು ಶಿಲೀಂಧ್ರದ ಔಷಧ ಶುರು ಮಾಡುವವರಿಗೆ ಈ ಒಂದು ಸಾಲು ತೋರಿಸಿದರೂ ಪಟ್ಟಿ ತನ್ನ ಹೊಟ್ಟೆಪಾಡು ಸಂಪಾದಿಸಿದಂತೆ.

ಮಾದರಿ ಸರಿಯಿಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ. ಗ್ರಾಮ್ ಬಣ್ಣ ಹಾಕಿದ ಗಾಜನ್ನು 100 ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ನೋಟಕ್ಷೇತ್ರದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಕಣ 25 ಅಥವಾ ಹೆಚ್ಚು, ಬಾಯಿಯ ಚಪ್ಪಟೆ ಜೀವಕೋಶ 10 ಅಥವಾ ಕಡಿಮೆ ಇದ್ದರೆ ಅದು ಕೀವುಳ್ಳ ಕಫ. ಚಪ್ಪಟೆ ಕೋಶಗಳೇ ಹರಡಿಕೊಂಡಿದ್ದರೆ ನೀವು ಕಳಿಸಿದ್ದು ಜೊಲ್ಲು. ಅದರಲ್ಲಿ ಬೆಳೆದದ್ದನ್ನು ಶ್ವಾಸಕೋಶದ ತಲೆಗೆ ಕಟ್ಟಬೇಡಿ.

ಪಿಎನ್‌ಯು3ರಲ್ಲಿ ಹೇಳಲು ಹೆಚ್ಚಿಲ್ಲ. ನ್ಯೂಟ್ರೊಫಿಲ್ 500ಕ್ಕೆ ಇಳಿದವರು, ರಕ್ತದ ಕ್ಯಾನ್ಸರ್‌ನವರು, ಅಂಗ ಕಸಿಯಾದವರು, ಸಿಡಿ4 ಎಣಿಕೆ 200ಕ್ಕಿಂತ ಕಡಿಮೆಯಾದ ಎಚ್‌ಐವಿ ರೋಗಿಗಳು, 14 ದಿನಕ್ಕಿಂತ ಹೆಚ್ಚು ಸತತ ಸ್ಟಿರಾಯ್ಡ್ ತೆಗೆದುಕೊಂಡವರು ಇಲ್ಲಿಗೆ. ಇವರಲ್ಲಿ ಕೀವು ಕಟ್ಟಲು ಕಣಗಳೇ ಇರುವುದಿಲ್ಲ, ಹಾಗಾಗಿ ಕಫದಲ್ಲಿ ರಕ್ತ, ಉಸಿರೆಳೆದಾಗ ಎದೆ ಚುಚ್ಚುವ ನೋವು ಎರಡನ್ನೂ ಲಕ್ಷಣಗಳ ಸಾಲಿಗೆ ಸೇರಿಸಿದ್ದಾರೆ. ಕಫ ಮತ್ತು ರಕ್ತ ಎರಡರಲ್ಲೂ ಒಂದೇ ಕ್ಯಾಂಡಿಡ ಬಂದರೆ ಇಲ್ಲಿ ಮಾತ್ರ ಮಾನ್ಯ.

ಈ ಪಟ್ಟಿಯ ದೊಡ್ಡ ದೌರ್ಬಲ್ಯ ಅದರ ಬಾಗಿಲಲ್ಲೇ ಇದೆ. ಮಲಗಿದವರ ಪೋರ್ಟಬಲ್ ಎಕ್ಸ್‌ರೇಯನ್ನು ಇಬ್ಬರು ಓದಿದರೆ ಎರಡು ವರದಿ ಬರುತ್ತದೆ. ‘ಕಫ ಹೆಚ್ಚಾಗಿದೆ’ ಎಂಬುದು ಯಾವ ನರ್ಸ್ ಯಾವ ಪಾಳಿಯಲ್ಲಿ ಬರೆದರು ಎನ್ನುವುದರ ಮೇಲೆ ನಿಂತಿರುತ್ತದೆ. ವೆಂಟಿಲೇಟರ್‌ನಲ್ಲೇ ಮೃತರಾದ 25 ರೋಗಿಗಳ ಶ್ವಾಸಕೋಶವನ್ನು ಪರೀಕ್ಷಿಸಿದ 1999ರ ಅಧ್ಯಯನದಲ್ಲಿ, ಪ್ಯಾಚ್ ಜೊತೆಗೆ ಜ್ವರ, ಬಿಳಿಕಣ, ಕೀವುಕಫ ಈ ಮೂರರಲ್ಲಿ ಎರಡು ಎಂಬ ಸರಳ ಸೂತ್ರ ನಿಜವಾದ ನ್ಯುಮೋನಿಯವನ್ನು ಹಿಡಿದದ್ದು 69 ಶೇಕಡ, ಇಲ್ಲದ್ದನ್ನು ಇಲ್ಲ ಎಂದದ್ದು 75 ಶೇಕಡ. ಲಕ್ಷಣ ನೋಡಿ ಹೇಳುವ ಯಾವ ಪಟ್ಟಿಯಿಂದಲೂ ಇದಕ್ಕಿಂತ ಬಹಳ ಹೆಚ್ಚು ನಿರೀಕ್ಷಿಸುವುದು ಕಷ್ಟ. ಒಟ್ಟಾರೆ ಐದಕ್ಕೆ ಮೂರೂವರೆ. ವಾರ್ಡಿನ ರೋಗಿಗಳಿಗೆ ಮತ್ತು ಮಕ್ಕಳಿಗೆ ಇದನ್ನೇ ಬಳಸಿ.

ಈ ಗೊಂದಲ ತಪ್ಪಿಸಲೆಂದೇ 2013ರ ಜನವರಿಯಲ್ಲಿ ಸಿಡಿಸಿ ವಯಸ್ಕರಿಗಾಗಿ ವಿಎಇ ತಂದಿತು. ಇಲ್ಲಿ ಎಕ್ಸ್‌ರೇಯೇ ಬೇಡ. ವೆಂಟಿಲೇಟರ್ ಚಾರ್ಟಿನ ಎರಡು ಅಂಕಿ ಸಾಕು: ಪೀಪ್ (ಉಸಿರು ಬಿಟ್ಟ ಮೇಲೂ ಯಂತ್ರ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಮತ್ತು ಕೊಡುತ್ತಿರುವ ಆಮ್ಲಜನಕದ ಶೇಕಡ. ಪ್ರತಿ ಕ್ಯಾಲೆಂಡರ್ ದಿನ ಇವೆರಡರ ಕನಿಷ್ಠ ಬರೆದಿಟ್ಟುಕೊಳ್ಳಿ. ಕನಿಷ್ಠ ಅಂದರೆ 1 ಗಂಟೆಗಿಂತ ಹೆಚ್ಚು ನಿಂತ ಅತಿ ಕಡಿಮೆ ಅಂಕಿ. ಸಕ್ಷನ್ ನಂತರ ಯಾರೋ ಹತ್ತು ನಿಮಿಷ ಇಳಿಸಿ ನೋಡಿದ್ದಲ್ಲ. 2 ದಿನ ಸ್ಥಿರ ಅಥವಾ ಇಳಿಮುಖ, ಆಮೇಲೆ ಪೀಪ್ 3 ಸೆಂಟಿಮೀಟರ್ ಅಥವಾ ಹೆಚ್ಚು, ಇಲ್ಲವೇ ಆಮ್ಲಜನಕ 20 ಅಂಶ ಅಥವಾ ಹೆಚ್ಚು ಏರಿ 2 ದಿನ ಹಾಗೇ ನಿಂತರೆ ಅದು ವಿಎಸಿ (ವೆಂಟಿಲೇಟರ್ ಜೊತೆ ಬಂದ ತೊಂದರೆ), ಮೊದಲ ಮೆಟ್ಟಿಲು.

ಒಬ್ಬ ರೋಗಿಯ ಚಾರ್ಟ್ ನೋಡೋಣ. 1ನೇ ದಿನ ಪೀಪ್ 8, ಆಮ್ಲಜನಕ 80. 2ನೇ ದಿನ 6, 50. 3ನೇ ದಿನ 5, 40. 4ನೇ ದಿನ 5, 40. 5ನೇ ದಿನ 8, 50. 6ನೇ ದಿನ 8, 50. ಆಮ್ಲಜನಕ ಬರೀ 10 ಅಂಶ ಏರಿದೆ, ಅದು ಲೆಕ್ಕಕ್ಕಿಲ್ಲ. ಪೀಪ್ 5ರಿಂದ 8ಕ್ಕೆ ಏರಿ ಎರಡು ದಿನ ನಿಂತಿದೆ. ವಿಎಸಿ ಆಯಿತು, ಘಟನೆಯ ತಾರೀಖು 5ನೇ ದಿನ. 6ನೇ ದಿನ ಪೀಪ್ 7ಕ್ಕೆ ಇಳಿದಿದ್ದರೆ ಏನೂ ಇಲ್ಲ. 5ನೇ ದಿನ ಪೀಪ್ ಏರಿ 6ನೇ ದಿನ ಪೀಪ್ ಇಳಿದು ಆಮ್ಲಜನಕ ಏರಿದ್ದರೂ ಇಲ್ಲ. ಏರಿದ್ದೂ ನಿಂತದ್ದೂ ಒಂದೇ ಅಂಕಿ ಆಗಿರಬೇಕು. ಪೀಪ್ 0ಯಿಂದ 5ರವರೆಗೆ ಎಲ್ಲವೂ 5 ಎಂದೇ ಲೆಕ್ಕ. ಹಾಗಾಗಿ 3ರಿಂದ 6ಕ್ಕೆ ಏರಿದ್ದು ಮೂರು ಏರಿದಂತೆ ಕಂಡರೂ ಒಂದೇ ಏರಿದ್ದು. ಕೈಲೆಕ್ಕದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ಎರಡನೆಯ ಮೆಟ್ಟಿಲು ಐವಿಎಸಿ, ಅಂದರೆ ಸೋಂಕಿನ ಸುಳಿವಿರುವ ವಿಎಸಿ. ಘಟನೆಯ ದಿನದ ಹಿಂದೆ 2, ಮುಂದೆ 2 ದಿನ, ಆದರೆ ವೆಂಟಿಲೇಟರಿನ 3ನೇ ದಿನಕ್ಕಿಂತ ಹಿಂದೆ ಹೋಗುವಂತಿಲ್ಲ. ನಮ್ಮ ಚಾರ್ಟಿನಲ್ಲಿ 3ರಿಂದ 7. ಈ ನಡುವೆ ಮೈಬಿಸಿ 38 ಮೀರಬೇಕು ಅಥವಾ 36ಕ್ಕಿಂತ ಇಳಿಯಬೇಕು, ಇಲ್ಲವೇ ಬಿಳಿಕಣ 12,000 ಮುಟ್ಟಬೇಕು ಅಥವಾ 4,000ಕ್ಕೆ ಇಳಿಯಬೇಕು. ಜೊತೆಗೆ ಹೊಸ ಆ್ಯಂಟಿಬಯಾಟಿಕ್ ಶುರುವಾಗಿ 4 ದಿನ ಮುಂದುವರಿಯಬೇಕು. ಹೊಸದು ಅಂದರೆ ಹಿಂದಿನ 2 ದಿನ ಆ ಔಷಧ ಕೊಟ್ಟಿರಬಾರದು. 6ನೇ ದಿನ 38.4 ಜ್ವರ, ಬಿಳಿಕಣ 13,500, ಅಂದೇ ಮೆರೊಪೆನೆಮ್ ಶುರುವಾಗಿ 9ರವರೆಗೆ ಕೊಟ್ಟರು. ಐವಿಎಸಿ. 8ಕ್ಕೇ ನಿಲ್ಲಿಸಿ ಬೇರೇನೂ ಕೊಡದಿದ್ದರೆ ಮೂರೇ ದಿನ, ವಿಎಸಿಯಲ್ಲೇ ಉಳಿಯಿತು. ಔಷಧ ಬೇಗ ನಿಲ್ಲಿಸುವ ಶಿಸ್ತಿನ ಐಸಿಯುವಿನಲ್ಲಿ ಐವಿಎಸಿ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ ಆಗಬಹುದು. ಅಂಕಿ ಹೋಲಿಸುವಾಗ ನೆನಪಿರಲಿ.

ಮೂರನೆಯದು ಪಿವಿಎಪಿ, ಅಂದರೆ ‘ಸಂಭವನೀಯ’ ವಿಎಪಿ. ಅದೇ ಕಿಟಕಿಯೊಳಗೆ ತೆಗೆದ ಮಾದರಿಯಲ್ಲಿ ಮೇಲೆ ಹೇಳಿದ ಮಿತಿಗಳನ್ನು ದಾಟಿದ ಬೆಳವಣಿಗೆ, ಅಥವಾ ಕೀವುಳ್ಳ ಕಫದ ಜೊತೆಗೆ ಬೆಳವಣಿಗೆ, ಅಥವಾ ಎದೆಗೂಡಿನ ನೀರು, ಅಂಗಾಂಶ, ಲಿಜಿಯೊನೆಲ್ಲ, ವೈರಸ್ ಪರೀಕ್ಷೆಗಳಲ್ಲಿ ಒಂದು. 6ನೇ ದಿನದ ಟ್ಯೂಬ್ ಕಫದಲ್ಲಿ ಕ್ಲೆಬ್ಸಿಯೆಲ್ಲ 3,00,000 ಬಂದರೆ ನಮ್ಮ ರೋಗಿ ಇಲ್ಲಿಗೆ ಬಂದು ನಿಂತರು. ನಿಮ್ಮ ಲ್ಯಾಬ್ ಸಂಖ್ಯೆ ಕೊಡದೆ ‘3+’ ಅಂತ ಬರೆಯುವುದಾದರೆ ಅದು ಎಷ್ಟಕ್ಕೆ ಸಮ ಅಂತ ಮೊದಲೇ ಬರೆಸಿಕೊಳ್ಳಿ. ಲ್ಯಾಬಿಂದ ಲ್ಯಾಬಿಗೆ ಅದು ಬೇರೆ.

ಕ್ಯಾಲ್ಕುಲೇಟರ್ ಈ ಎಲ್ಲವನ್ನೂ ಬ್ರೌಸರಿನಲ್ಲಿ ಮಾಡಿಕೊಡುತ್ತದೆ. ವೆಂಟಿಲೇಟರ್ ಹಾಕಿದ ತಾರೀಖು ಕೊಟ್ಟು ದಿನದ ಪೀಪ್, ಆಮ್ಲಜನಕ ತುಂಬಿದರೆ ವಿಎಸಿ ಇದೆಯೋ ಇಲ್ಲವೋ ಹೇಳುತ್ತದೆ. ಇದ್ದರೆ ಜ್ವರ, ಬಿಳಿಕಣ ಕೇಳುತ್ತದೆ. ಆಮೇಲೆ ಔಷಧದ ಹೆಸರನ್ನು ಪಟ್ಟಿಯಿಂದ ಆರಿಸಿ ಕೊಟ್ಟ ದಿನಗಳಿಗೆ ಗುರುತು ಹಾಕಿದರೆ 4 ದಿನದ ಲೆಕ್ಕ ತಾನೇ ಮಾಡುತ್ತದೆ. ಔಷಧದ ದಿನ ಎಣಿಸುವ ಕೆಲಸ ನಿಜಕ್ಕೂ ತಲೆನೋವಿನದ್ದು: ಒಂದೇ ಔಷಧಕ್ಕೆ ನಡುವೆ ಒಂದು ದಿನದ ಬಿಡುವಿದ್ದರೂ ಆ ದಿನ ಸೇರುತ್ತದೆ, ಔಷಧ ಬದಲಾಯಿಸಿದರೆ ಬಿಡುವಿನ ದಿನ ಸೇರುವುದಿಲ್ಲ. ಇಲ್ಲಿ ಕೈಲೆಕ್ಕಕ್ಕಿಂತ ಕ್ಯಾಲ್ಕುಲೇಟರ್ ಎಷ್ಟೋ ಮೇಲು. ರೋಗಿಯ ಹೆಸರು ಕೇಳುವುದಿಲ್ಲ, ಹಾಕಿದ್ದನ್ನು ಉಳಿಸಿಕೊಳ್ಳುವುದೂ ಇಲ್ಲ. ಗೌಪ್ಯತೆಗೆ ಅದು ಒಳ್ಳೆಯದು, ಆದರೆ ಪುಟ ಮುಚ್ಚಿದರೆ ಕೆಲಸ ಹೋಯಿತು, ಮುದ್ರಿಸಿ ಇಟ್ಟುಕೊಳ್ಳಿ. ಅದು ನಂಬುವುದು ನೀವು ತುಂಬಿದ ಕನಿಷ್ಠವನ್ನು. ಬೆಳಗ್ಗೆ 8ರ ರೌಂಡ್ಸಿನ ಅಂಕಿಯನ್ನೇ ದಿನದ ಕನಿಷ್ಠ ಎಂದು ತುಂಬಿದರೆ ಬರುವ ಉತ್ತರವೂ ಅಷ್ಟಕ್ಕಷ್ಟೇ. ಎಪಿಆರ್‌ವಿ ಎಂಬ ವೆಂಟಿಲೇಟರ್ ಕ್ರಮದಲ್ಲಿದ್ದ ದಿನಗಳಿಗೆ ಆಮ್ಲಜನಕ ಮಾತ್ರ ನೋಡಬೇಕು. ಎಕ್ಮೊ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ) ಅಥವಾ ಹೈ ಫ್ರೀಕ್ವೆನ್ಸಿ ವೆಂಟಿಲೇಷನ್ ಇದ್ದ ದಿನಗಳನ್ನು ಬಿಟ್ಟುಬಿಡಬೇಕು.

ವಿಎಇ ಮೇಲಿನ ನ್ಯಾಯವಾದ ದೂರು ಒಂದೇ: ಇದು ನ್ಯುಮೋನಿಯದ ಪಟ್ಟಿಯೇ ಅಲ್ಲ. ಇದರ ಬಲೆಗೆ ಬೀಳುವುದು ನ್ಯುಮೋನಿಯ, ನೀರು ತುಂಬುವುದು, ಎಆರ್‌ಡಿಎಸ್ ಎಂಬ ತೀವ್ರ ಶ್ವಾಸಕೋಶ ವೈಫಲ್ಯ, ಶ್ವಾಸಕೋಶ ಮುದುಡುವುದು ಇವೆಲ್ಲ. ಪೀಪ್ ಏರಿಸದೆಯೇ ವಾಸಿಯಾದ ಸೌಮ್ಯ ವಿಎಪಿ ಈ ಬಲೆಯಿಂದ ಜಾರಿಹೋಗುತ್ತದೆ. ಹಾಗಾಗಿ ವಿಎಇ ಸೊನ್ನೆ ಅಂದರೆ ವಿಎಪಿ ಸೊನ್ನೆ ಅಂತಲ್ಲ. ಆದರೆ ಇಬ್ಬರು ಎಣಿಸಿದರೆ ಒಂದೇ ಉತ್ತರ ಬರುತ್ತದೆ, ಕಂಪ್ಯೂಟರೂ ಎಣಿಸಬಲ್ಲದು. ಎಣಿಕೆಯ ಸಲಕರಣೆಗೆ ಇದಕ್ಕಿಂತ ದೊಡ್ಡ ಗುಣ ಇನ್ನೇನು? ಐದಕ್ಕೆ ನಾಲ್ಕು. ಹಾಸಿಗೆ ಪಕ್ಕದ ನಿರ್ಧಾರಕ್ಕೆ ಸೊನ್ನೆ, ಏಕೆಂದರೆ ಉತ್ತರ ಬರುವ ಹೊತ್ತಿಗೆ ರೋಗಿ ನಾಲ್ಕು ದಿನ ಔಷಧ ತೆಗೆದುಕೊಂಡಾಗಿರುತ್ತದೆ.

ಬಿಸಾಡಬಹುದು ಎಂದದ್ದು ಸಿಪಿಐಎಸ್. 1991ರಲ್ಲಿ ಬಂದ ಈ ಅಂಕಪಟ್ಟಿಯಲ್ಲಿ ಜ್ವರ, ಬಿಳಿಕಣ, ಕಫ, ಆಮ್ಲಜನಕ, ಎಕ್ಸ್‌ರೇ, ಕಲ್ಚರ್ ಆರಕ್ಕೂ 0ಯಿಂದ 2; ಒಟ್ಟು 12; 6 ದಾಟಿದರೆ ನ್ಯುಮೋನಿಯ. ಕೇಳಲು ಚೆಂದ. ಮೇಲಿನ ರೋಗಿಗೇ ಹಾಕಿ ನೋಡಿ, ಕಲ್ಚರ್ ವರದಿ ಬರುವ ಮುಂಚೆ, ಕೀವುಕಫವೂ 180ರ ಭಾಗಲಬ್ಧವೂ ಇದೆ ಅಂದುಕೊಂಡು. 38.4 ಜ್ವರಕ್ಕೆ 0, ಏಕೆಂದರೆ ಅಂಕ ಶುರುವಾಗುವುದು 38.5ರಿಂದ. ಬಿಳಿಕಣ 13,500ಕ್ಕೆ 1. ಕೀವುಕಫಕ್ಕೆ 2. ಆಮ್ಲಜನಕದ ಭಾಗಲಬ್ಧ 180, ಎಆರ್‌ಡಿಎಸ್ ಇಲ್ಲ, 2. ಎಕ್ಸ್‌ರೇಯಲ್ಲಿ ಹರಡಿದ ಪ್ಯಾಚ್, 1. ಒಟ್ಟು 6: ನ್ಯುಮೋನಿಯ ಅಲ್ಲ. ಪಕ್ಕದಲ್ಲಿ ನಿಂತ ಇನ್ನೊಬ್ಬರು ಅದೇ ಚಿತ್ರ ನೋಡಿ ‘ಇದು ಒಂದೇ ಕಡೆ ಇದೆಯಲ್ಲ’ ಅಂದರೆ 2, ಒಟ್ಟು 7: ನ್ಯುಮೋನಿಯ! ಥರ್ಮಾಮೀಟರ್ 0.1 ಹೆಚ್ಚು ತೋರಿಸಿದ್ದರೂ ಅದೇ ಕಥೆ. ಮೇಲೆ ಹೇಳಿದ 1999ರ ಅಧ್ಯಯನದಲ್ಲಿ ಇದು ಹಿಡಿದದ್ದು 77 ಶೇಕಡ, ಆದರೆ ಇಲ್ಲದ್ದನ್ನು ಇಲ್ಲ ಎಂದದ್ದು 42 ಶೇಕಡ ಮಾತ್ರ. 2016ರ ಮಾರ್ಗಸೂಚಿಯೂ ಔಷಧ ಶುರು ಮಾಡಲು ವೈದ್ಯಕೀಯ ಲಕ್ಷಣಗಳಷ್ಟೇ ಸಾಕು, ಸಿಪಿಐಎಸ್ ಸೇರಿಸುವುದು ಬೇಡ ಎನ್ನುತ್ತದೆ. ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆಯ ವಿಷಯದಲ್ಲೂ ಹಾಗೇ: ಶುರು ಮಾಡಲು ಬೇಡ, ನಿಲ್ಲಿಸುವಾಗ ನೋಡಿ. ಐದಕ್ಕೆ ಒಂದೂವರೆ, ಅದೂ ವಿದ್ಯಾರ್ಥಿಗಳಿಗೆ ಆರು ಅಂಶ ನೆನಪಿಡಿಸುತ್ತದೆ ಅಂತ.

ಯುರೋಪಿನ ಪಟ್ಟಿ ಪ್ರಾಮಾಣಿಕವಾದದ್ದು. ಲಕ್ಷಣಗಳು ಬಹುತೇಕ ಸಿಡಿಸಿಯವೇ, ಆದರೆ ‘ನಿಮ್ಮ ಹತ್ತಿರ ಸಾಕ್ಷಿ ಎಷ್ಟು ಗಟ್ಟಿ?’ ಎಂದು ಕೇಳಿ ಐದು ಸಾಲಾಗಿ ವಿಂಗಡಿಸುತ್ತದೆ. ಶ್ವಾಸಕೋಶ ತೊಳೆದ ದ್ರವ ಅಥವಾ ಬ್ರಷ್‌ನಂಥ ಕಲಬೆರಕೆ ಕಡಿಮೆಯ ಮಾದರಿ ಪಿಎನ್1. ಎಣಿಸಿದ ಟ್ಯೂಬ್ ಕಫ ಪಿಎನ್2. ರಕ್ತ, ಎದೆಗೂಡಿನ ನೀರು, ಅಂಗಾಂಶ, ವೈರಸ್ ಮುಂತಾದ ಬೇರೆ ದಾರಿ ಪಿಎನ್3. ಎಣಿಸದ ಕಫದ ಕಲ್ಚರ್ ಪಿಎನ್4. ಏನೂ ಸಿಗದಿದ್ದರೆ ಪಿಎನ್5. ಕೊನೆಯ ಎರಡಕ್ಕೆ ಲಕ್ಷಣಗಳಲ್ಲಿ ಒಂದರ ಬದಲು ಎರಡು ಬೇಕು. ಟ್ಯೂಬ್ ಕಫಕ್ಕೆ ಇಲ್ಲಿ ಮಿತಿ 10,00,000. ನಮ್ಮ ರೋಗಿಯ 3,00,000 ಅಮೆರಿಕದ ಲೆಕ್ಕದಲ್ಲಿ ಪಾಸು, ಇಲ್ಲಿ ಪಿಎನ್2 ಆಗಲು ಸಾಲದು. ಎರಡು ದೇಶಗಳ ವಿಎಪಿ ದರವನ್ನು ಪಕ್ಕಪಕ್ಕ ಇಟ್ಟು ನಿಟ್ಟುಸಿರು ಬಿಡುವವರು ಈ ಒಂದು ಸಾಲು ನೋಡಿದರೆ ಸಾಕು. ಒಂದು ಐಸಿಯುವಿನಲ್ಲಿ ಪಿಎನ್5 ರಾಶಿ ಬಿದ್ದಿದ್ದರೆ ಅಲ್ಲಿ ಕೆಟ್ಟಿರುವುದು ಮಾದರಿ ತೆಗೆಯುವ ಅಭ್ಯಾಸ: ಔಷಧ ಕೊಟ್ಟಾದ ಮೇಲೆ ಕಲ್ಚರ್ ಕಳಿಸುತ್ತಿದ್ದಾರೆ, ಅಥವಾ ಕಳಿಸುತ್ತಲೇ ಇಲ್ಲ. ಇದನ್ನು ಬೇರೆ ಯಾವ ಪಟ್ಟಿಯೂ ಇಷ್ಟು ನೇರವಾಗಿ ತೋರಿಸುವುದಿಲ್ಲ.

ವೆಂಟಿಲೇಟರ್ ಇಲ್ಲದವರ ಎಚ್‌ಎಪಿ ಈ ನಾಲ್ಕೂ ಸಲಕರಣೆಗಳ ಕುರುಡು ಚುಕ್ಕೆ. ಸಂಖ್ಯೆಯಲ್ಲಿ ಅವರೇ ಹೆಚ್ಚು. ಆದರೆ ವಾರ್ಡಿನಲ್ಲಿ ಪ್ರತಿದಿನ ಎಕ್ಸ್‌ರೇ ಇಲ್ಲ, ಆಳದ ಕಫ ಸಿಗುವುದಿಲ್ಲ, ಉಸಿರಾಟದ ವೇಗ ಎಲ್ಲರಿಗೂ 18 ಅಂತ ಬರೆದಿರುತ್ತದೆ. ಡಿಸ್ಚಾರ್ಜ್ ಕೋಡ್ ಹಿಡಿದು ಎಣಿಸುವುದು ಸುಲಭ ಅನ್ನಿಸುತ್ತದೆ, ಆದರೆ ಕೋಡ್ ಅಂದರೆ ಮತ್ತೆ ವೈದ್ಯರು ಏನು ಬರೆದರೋ ಅದೇ. ಕಂಪ್ಯೂಟರ್ ದಾಖಲೆ ಇರುವ ಕಡೆ ಆಮ್ಲಜನಕದ ಅಗತ್ಯ ಎರಡು ದಿನ ಏರಿ ನಿಂತದ್ದು, ಜ್ವರ ಅಥವಾ ಬಿಳಿಕಣದ ಏರುಪೇರು, ಎದೆಯ ಚಿತ್ರ ತೆಗೆದದ್ದು, ಹೊಸ ಆ್ಯಂಟಿಬಯಾಟಿಕ್ 3 ದಿನ ಅಥವಾ ಹೆಚ್ಚು ನಡೆದದ್ದು ಈ ನಾಲ್ಕನ್ನು ಕೂಡಿಸಿ ಸೋಸುವುದು ಒಳ್ಳೆಯ ದಾರಿ. ಸೋಸಿ ಬಂದವರನ್ನು ಮಾತ್ರ ಪಿಎನ್‌ಯು ಪಟ್ಟಿಗೆ ಹಾಕಿ ಕೈಯಾರೆ ನೋಡಿದರೆ ಕೆಲಸ ಬಹಳ ಕಡಿಮೆಯಾಗುತ್ತದೆ.

ಯಾವುದನ್ನು ಆರಿಸಿದರೂ ಛೇದವನ್ನು ಮರೆಯಬೇಡಿ. ಘಟನೆಗಳನ್ನು ವೆಂಟಿಲೇಟರ್ ದಿನಗಳಿಂದ ಭಾಗಿಸಿ 1,000ದಿಂದ ಗುಣಿಸಬೇಕು, ಮತ್ತು ಆ ದಿನಗಳನ್ನು ಪ್ರತಿದಿನ ಒಂದೇ ಹೊತ್ತಿಗೆ ಎಣಿಸಬೇಕು. ಒಂದು ದಿನ ಬೆಳಗ್ಗೆ, ಇನ್ನೊಂದು ದಿನ ರಾತ್ರಿ ಎಣಿಸಿದರೆ ಟ್ಯೂಬ್ ತೆಗೆದವರು ಒಮ್ಮೆ ಒಳಗೆ, ಒಮ್ಮೆ ಹೊರಗೆ. ಮಾನದಂಡ ಬದಲಿಸಿದ ತಿಂಗಳು ಗ್ರಾಫಿನಲ್ಲಿ ಅಡ್ಡಗೆರೆ ಎಳೆದು ಬದಲಿಸಿದ್ದೇನು ಅಂತ ಬರೆದಿಡಿ. ಇಲ್ಲವಾದರೆ ಪಿಎನ್‌ಯು ಬಿಟ್ಟು ಪಿವಿಎಪಿಗೆ ಹೋದ ತಿಂಗಳು ಬಿದ್ದ ಅಂಕಿಯನ್ನು ಯಾರಾದರೂ ಬಾಯಿ ಸ್ವಚ್ಛತೆಯ ಹೊಸ ಕಾರ್ಯಕ್ರಮದ ಯಶಸ್ಸು ಅಂತ ಸ್ಲೈಡಿನಲ್ಲಿ ತೋರಿಸುತ್ತಾರೆ.